ಶೆಡ್ಡಲ್ಲಿರೋ ಹಳೇ ಮೋಟ್ರು ಹಿಡ್ಕೊಂಡು ಅದನ್ನ ಮಾಡಿದ ಕಂಪನಿ ಚರಿತ್ರೆ ಕೆದಕೋದು ಹೇಗೆ

ಎನ್‌ಜಿಇಎಫ್ ಅಂತ ಬರ್ದಿರೋ ಮೋಟ್ರುಗಳು ಮಂಡ್ಯ ಕಡೆ ಪಂಪ್‌ಸೆಟ್ ಶೆಡ್ಡುಗಳಲ್ಲಿ ಇನ್ನೂ ಸಿಗ್ತವೆ, ರೀವೈಂಡಿಂಗ್ ಮೇಲೆ ರೀವೈಂಡಿಂಗ್ ಆಗಿ, ಬಣ್ಣದ ಮೇಲೆ ಬಣ್ಣ ಬಳ್ಕೊಂಡು, ಕಬ್ಬಿನ ಗದ್ದೆಗೆ ನೀರೆತ್ತಾ ಇರ್ತವೆ. ಅದನ್ನ ಮಾಡಿದ ಬೆಂಗಳೂರಿನ ಫ್ಯಾಕ್ಟರಿ ಬಾಗ್ಲು ಹಾಕಿ ಇಪ್ಪತ್ತು ವರ್ಷದ ಮೇಲಾಯ್ತು. ತಾತ ಅಲ್ಲಿ ಕೆಲ್ಸ ಮಾಡ್ತಿದ್ರು ಅನ್ನೋರು, ಕಾಲೇಜಲ್ಲಿ ಪ್ರಾಜೆಕ್ಟ್ ಕೊಟ್ಟಿದಾರೆ ಅನ್ನೋರು, ಸುಮ್ನೆ ಹುಚ್ಚಿಗೆ ಹುಡುಕೋರು, ಎಲ್ರೂ ಮೊದ್ಲು ಮಾಡೋದು ಕಂಪನಿ ಹೆಸ್ರು ಗೂಗಲ್‌ಗೆ ಹಾಕಿ ಬಂದ ನಾಲ್ಕು ಸಾಲು ಕಾಪಿ ಹೊಡೆಯೋದು. ಅದ್ರಿಂದ ಏನೂ ಹುಟ್ಟಲ್ಲ ಕಣ್ರೀ. ಎಲೆಕ್ಟ್ರಿಕಲ್ ಕಂಪನಿಗಳ ಚರಿತ್ರೆ ಹೆಸ್ರಲ್ಲಿ ಇರಲ್ಲ, ಯಾರ ಡ್ರಾಯಿಂಗ್ ಯಾರು ಲೈಸೆನ್ಸ್ ತಗೊಂಡ್ರು ಅನ್ನೋದ್ರಲ್ಲಿ ಇರತ್ತೆ. ಆ ಲೈಸೆನ್ಸ್ ಎಳೆ ಹಿಡ್ಕೊಂಡು ಹಿಂದಕ್ಕೆ ಹೋಗೋದು ಹೇಗೆ ಅಂತ ಹೇಳ್ತೀನಿ, ಉದಾಹರಣೆಗೆ ಎನ್‌ಜಿಇಎಫ್‌ನೇ ಇಟ್ಕೊಳೋಣ.

ಮೊದ್ಲು ನೇಮ್‌ಪ್ಲೇಟ್. ಮೇನ್ ಸ್ವಿಚ್ ಆಫ್ ಮಾಡಿ, ಫ್ಯೂಸ್ ಕಿತ್ತು ಜೇಬಲ್ಲಿ ಇಟ್ಕೊಳಿ, ಇಲ್ಲಾಂದ್ರೆ ಕರೆಂಟ್ ಬಂತು ಅಂತ ಮನೆಯಲ್ಲಿ ಯಾರಾದ್ರೂ ಹೋಗಿ ಸ್ಟಾರ್ಟರ್ ಒತ್ತಿಬಿಡ್ತಾರೆ. ಪ್ಲೇಟ್ ಮೇಲೆ ಬಣ್ಣ, ಗ್ರೀಸು, ಜೇಡರಬಲೆ ಎಲ್ಲಾ ಇರತ್ತೆ, ಸೀಮೆಎಣ್ಣೆ ಅಥವಾ ಡೀಸೆಲ್ ಅದ್ದಿದ ಹಳೇ ಟೂತ್‌ಬ್ರಷ್ಷಲ್ಲಿ ಮೆತ್ತಗೆ ಉಜ್ಜಿ. ಸ್ಯಾಂಡ್‌ಪೇಪರ್ ಮಾತ್ರ ಮುಟ್ಟಬೇಡಿ. ಅಲ್ಯೂಮಿನಿಯಂ ಪ್ಲೇಟಲ್ಲಿ ಕಂಪನಿ ಹೆಸ್ರು ಎದ್ದಿರತ್ತೆ, ಆದ್ರೆ ಸೀರಿಯಲ್ ನಂಬರು, ಆಂಪ್ಸು, ಆರ್‌ಪಿಎಂ ಎಲ್ಲಾ ಪಂಚ್ ಹೊಡೆದಿರ್ತಾರೆ, ಸ್ಯಾಂಡ್‌ಪೇಪರ್ ಹಾಕಿದ್ರೆ ಮೊದ್ಲು ಹೋಗೋದು ಅದೇ. ಒಣಗಿದ ಮೇಲೆ ಬಿಳಿ ಸೀಮೆಸುಣ್ಣ ಮೇಲೆ ಎಳೆದು ಬೆರಳಲ್ಲಿ ಒರೆಸಿಬಿಡಿ, ಪಂಚ್ ಗುಂಡಿ ಒಳಗೆ ಮಾತ್ರ ಬಿಳಿ ಉಳ್ಕೊಳತ್ತೆ. ಆಮೇಲೆ ಮೊಬೈಲ್ ಟಾರ್ಚನ್ನ ನೇರಕ್ಕೆ ಹಿಡೀದೆ ಪಕ್ಕದಿಂದ ಓರೆಯಾಗಿ ಹಿಡ್ದು ಫೋಟೋ ತೆಗೀರಿ, ಎಡಗಡೆಯಿಂದ ಒಂದು ಬಲಗಡೆಯಿಂದ ಒಂದು. ಬರಿಗಣ್ಣಿಗೆ ಕಾಣದೇ ಇರೋ ಅಂಕಿ ಫೋಟೋದಲ್ಲಿ ಎದ್ದು ಬರತ್ತೆ.

ಈಗ ಕಾಲ ಗುರುತಿಸೋದು. ತಯಾರಾದ ವರ್ಷ ಪ್ಲೇಟಲ್ಲಿ ಇಲ್ದೇ ಇದ್ರೂ ಪರವಾಗಿಲ್ಲ, ಅಕ್ಕಪಕ್ಕದ ಅಕ್ಷರಗಳೇ ಹೇಳ್ತವೆ. ಅಡ್ರೆಸ್ಸಲ್ಲಿ ಮೈಸೂರು ರಾಜ್ಯ ಅಂತ ಇದ್ರೆ 1973ರ ನವೆಂಬರ್ 1ಕ್ಕಿಂತ ಮುಂಚಿನ ಪ್ಲೇಟು. ಆರಂಕಿ ಪಿನ್‌ಕೋಡ್ ಇದ್ರೆ 1972ರ ಆಗಸ್ಟ್ 15ರ ಈಚೆದು, ಯಾಕಂದ್ರೆ ಪಿನ್‌ಕೋಡ್ ಶುರುವಾಗಿದ್ದೇ ಅವತ್ತು. ಪವರ್ ಬರೀ ಎಚ್‌ಪಿಲಿ ಇದ್ಯಾ ಇಲ್ಲಾ ಕಿಲೋವ್ಯಾಟ್ ಕೂಡ ಇದ್ಯಾ, ಫ್ರೀಕ್ವೆನ್ಸಿ ಸೈಕಲ್ಸ್ ಅಂತ ಇದ್ಯಾ ಹರ್ಟ್ಸ್ ಅಂತ ಇದ್ಯಾ ನೋಡಿ, ಎಚ್‌ಪಿ ಮತ್ತೆ ಸೈಕಲ್ಸ್ ಎರಡೂ ಇದ್ರೆ ಸಾಮಾನ್ಯವಾಗಿ ಹಳೇ ಕಾಲದ್ದು. ಐಎಸ್ 325 ಅಂತ ಭಾರತೀಯ ಸ್ಟ್ಯಾಂಡರ್ಡ್ ನಂಬರ್ ಇದ್ರೆ ಅದ್ರ ಮುಂದಿರೋ ವರ್ಷ ನೋಡಿ, 1970, 1978, 1996 ಹೀಗೆ ಎಡಿಶನ್‌ಗಳಿವೆ, 1978 ಅಂತಿದ್ರೆ ಮೋಟ್ರು ಅದಕ್ಕಿಂತ ಹಳೇದಾಗಿರೋಕೆ ಚಾನ್ಸೇ ಇಲ್ಲ. ಟ್ರಾನ್ಸ್‌ಫಾರ್ಮರ್ ಆಗಿದ್ರೆ ಇನ್ನೊಂದು ಸುಳಿವು, ಯಾರ ಆಸ್ತಿ ಅಂತ ಬರ್ದಿರ್ತಾರೆ. ಮೈಸೂರು ರಾಜ್ಯ ವಿದ್ಯುತ್ ಮಂಡಳಿ ಆಗಿದ್ದು 1957ರಲ್ಲಿ, ರಾಜ್ಯದ ಹೆಸ್ರು ಬದಲಾದ ಮೇಲೆ ಅದೇ ಕೆಇಬಿ ಆಯ್ತು, 1999ರಲ್ಲಿ ಕೆಪಿಟಿಸಿಎಲ್, ಆಮೇಲೆ 2005ರಲ್ಲಿ ನಮ್ಮ ಮೈಸೂರು, ಮಂಡ್ಯಕ್ಕೆಲ್ಲಾ ಸೆಸ್ಕ್ ಅನ್ನೋ ಕರೆಂಟ್ ಕಂಪನಿ ಬಂತು. ಕೆಇಬಿ ಅನ್ನೋ ಮೂರಕ್ಷರ ಇದ್ರೇನೇ ಕಾಲು ಶತಮಾನದ ಒಂದು ಕಿಟಕಿ ಸಿಕ್ಕಂಗಾಯ್ತು.

ಅಪ್ಪಿತಪ್ಪಿ 25 ಸೈಕಲ್ಸ್ ಅಂತ ಕಂಡ್ರೆ ಆ ಪ್ಲೇಟನ್ನ ಗುಜರಿಗೆ ಬಿಡ್ಲೇಬೇಡಿ. ಶಿವನಸಮುದ್ರದ ಮೊದಲ ಮಷಿನ್‌ಗಳು 25 ಸೈಕಲ್‌ದವು, ಈಗಿನ 50 ಅಲ್ಲ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ಲೈನ್ ಎಳೆದು ಕರೆಂಟ್ ಕೊಟ್ಟಾಗ ಎಲೆಕ್ಟ್ರಿಕಲ್ ಸಾಮಾನೆಲ್ಲಾ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ದು, ಟರ್ಬೈನು ಸ್ವಿಟ್ಜರ್ಲೆಂಡಿನ ಎಶರ್ ವೀಸ್‌ದು. ಇಲ್ಲೊಂದು ಮಾತು, ವಾಟ್ಸಾಪಲ್ಲಿ ಶಿವನಸಮುದ್ರ ಏಷ್ಯಾದಲ್ಲೇ ಫಸ್ಟ್ ಜಲವಿದ್ಯುತ್ ಅಂತ ವರ್ಷಕ್ಕೊಂದ್ಸಲ ಬಂದೇ ಬರತ್ತೆ. ಡಾರ್ಜಿಲಿಂಗ್ ಹತ್ರ ಸಿದ್ರಾಪಾಂಗ್ 1897ರಲ್ಲೇ ಶುರುವಾಗಿತ್ತು. ನಮ್ಮದ್ರ ದೊಡ್ಡಸ್ತಿಕೆ ಇರೋದು ಆ ಉದ್ದದ ಲೈನಲ್ಲಿ, ಅದನ್ನ ಬಿಟ್ಟು ಇಲ್ದಿರೋ ಫಸ್ಟ್ ಪ್ರೈಜ್ ಯಾಕೆ ಬೇಕು ನಂಗಂತೂ ಅರ್ಥ ಆಗಲ್ಲ. ನೀವು ಕಂಪನಿ ಚರಿತ್ರೆ ಬರೀವಾಗ್ಲೂ ಮೊಟ್ಟಮೊದಲ, ಏಕೈಕ, ಅತಿದೊಡ್ಡ ಅನ್ನೋ ಪದ ಎಲ್ಲಿ ಕಂಡ್ರೂ ಒಂದು ಪ್ರಶ್ನೆ ಚಿಹ್ನೆ ಹಾಕಿಟ್ಟು ಮುಂದೆ ಹೋಗಿ.

ಮುಂದಿನದು ಅಸ್ಲಿ ಕೆಲ್ಸ, ಕೊಲಾಬೊರೇಶನ್ ಹುಡುಕೋದು. ನಮ್ಮ ದೇಶದಲ್ಲಿ 1950, 60ರ ದಶಕದಲ್ಲಿ ಶುರುವಾದ ಎಲೆಕ್ಟ್ರಿಕಲ್ ಫ್ಯಾಕ್ಟರಿಗಳಲ್ಲಿ ಹೊರಗಿನ ಒಬ್ಬ ಪಾರ್ಟ್ನರ್ ಇಲ್ದೇ ಇದ್ದಿದ್ದು ಕಮ್ಮಿ. ಪ್ಲೇಟಲ್ಲಿ, ಹಳೇ ಕ್ಯಾಟಲಾಗಲ್ಲಿ, ಪೇಪರ್ ಜಾಹೀರಾತಲ್ಲಿ ಇಂಥವರ ಸಹಯೋಗದಲ್ಲಿ ಅನ್ನೋ ಒಂದು ಸಾಲು ಇರತ್ತೆ, ಅದೇ ನಿಮ್ಮ ಬಾಗ್ಲು. ಎನ್‌ಜಿಇಎಫ್ ಅಂದ್ರೆ ನ್ಯೂ ಗವರ್ನಮೆಂಟ್ ಎಲೆಕ್ಟ್ರಿಕ್ ಫ್ಯಾಕ್ಟರಿ, 1956ರಲ್ಲಿ ಮೈಸೂರು ಸರ್ಕಾರ ಜರ್ಮನಿಯ ಎಇಜಿ ಜೊತೆ ಸೇರಿ ಬೆಂಗಳೂರಿನ ಬೈಯಪ್ಪನಹಳ್ಳಿ ಹತ್ರ ಮಾಡಿದ್ದು. ಹೊಸದು ಅಂತ ಇದ್ದ ಮೇಲೆ ಹಳೇದೂ ಇರ್ಬೇಕಲ್ಲಾ, ಹೌದು, ಮಹಾರಾಜರ ಕಾಲದ ಗವರ್ನಮೆಂಟ್ ಎಲೆಕ್ಟ್ರಿಕ್ ಫ್ಯಾಕ್ಟರಿ 1930ರ ದಶಕದ್ದು, ಅದೇ ಇವತ್ತಿನ ಕವಿಕಾ, ಬೆಂಗಳೂರಲ್ಲಿ ಮೈಸೂರು ರಸ್ತೆಯಲ್ಲಿದೆ, ಟ್ರಾನ್ಸ್‌ಫಾರ್ಮರ್ ಮಾಡತ್ತೆ. ಇವೆರಡನ್ನ ಕಲಸಿ ಬರ್ದಿರೋ ಲೇಖನಗಳು ಬೇಕಾದಷ್ಟಿವೆ, ಹುಷಾರು.

ಎಳೆ ಸಿಕ್ತಲ್ಲಾ, ಈಗ ಎಇಜಿ ಹಿಂದೆ ಹೋಗಿ. ಎಮಿಲ್ ರಾಥೆನೌ ಅನ್ನೋ ಎಂಜಿನಿಯರ್ 1881ರಲ್ಲಿ ಪ್ಯಾರಿಸ್ ಎಕ್ಸಿಬಿಶನ್‌ಲ್ಲಿ ಎಡಿಸನ್ ಬಲ್ಬು ನೋಡಿ ಅದ್ರ ಜರ್ಮನ್ ಹಕ್ಕು ತಗೊಂಡು 1883ರಲ್ಲಿ ಬರ್ಲಿನ್‌ಲ್ಲಿ ಕಂಪನಿ ಮಾಡ್ದ, ಮೊದಲ ಹೆಸ್ರು ಜರ್ಮನ್ ಎಡಿಸನ್ ಕಂಪನಿ, 1887ರಲ್ಲಿ ಎಇಜಿ ಆಯ್ತು. ಅಂದ್ರೆ ನಮಗೆ ಲೈಸೆನ್ಸ್ ಕೊಟ್ಟವನೇ ಶುರುವಲ್ಲಿ ಲೈಸೆನ್ಸ್ ತಗೊಂಡಿದ್ದವನು. ಎಡಿಸನ್‌ನ ಕಂಪನಿ ಇನ್ನೊಂದರ ಜೊತೆ ಸೇರಿ 1892ರಲ್ಲಿ ಜನರಲ್ ಎಲೆಕ್ಟ್ರಿಕ್ ಆಯ್ತು, ಅದೇ ಶಿವನಸಮುದ್ರಕ್ಕೆ ಮಷಿನ್ ಕಳಿಸಿದ್ದು. ಇನ್ನೂ ಒಂದು ಇದೆ, ಎಇಜಿಯಲ್ಲಿದ್ದ ದೊಲಿವೊ-ದೊಬ್ರೊವೊಲ್ಸ್ಕಿ ಅನ್ನೋ ಎಂಜಿನಿಯರ್ 1889ರಲ್ಲಿ ತ್ರೀ ಫೇಸ್ ಕೇಜ್ ಇಂಡಕ್ಷನ್ ಮೋಟ್ರು ಮಾಡ್ದ, ನಿಮ್ಮ ಶೆಡ್ಡಲ್ಲಿ ಇರೋದು ಅದೇ ಜಾತಿ, ಬ್ರಷ್ ಇಲ್ಲ, ರೋಟರ್‌ಗೆ ವೈರ್ ಕನೆಕ್ಷನ್ ಇಲ್ಲ, ಅದಕ್ಕೇ ಅಷ್ಟು ವರ್ಷ ಬಾಳೋದು. 1891ರಲ್ಲಿ ಎಇಜಿ ಮತ್ತೆ ಸ್ವಿಸ್ ಕಂಪನಿ ಓರ್ಲಿಕಾನ್ ಸೇರಿ ಲಾಫೆನ್‌ನಿಂದ ಫ್ರಾಂಕ್‌ಫರ್ಟ್‌ಗೆ 175 ಕಿಲೋಮೀಟರ್ ತ್ರೀ ಫೇಸ್ ಲೈನ್ ಎಳೆದು ತೋರಿಸಿದ್ರು. ಅದಾಗಿ ಹನ್ನೊಂದೇ ವರ್ಷಕ್ಕೆ ಶಿವನಸಮುದ್ರದ ಲೈನು, ಅದೂ ಎಕ್ಸಿಬಿಶನ್‌ಗಲ್ಲ, ಗಣಿ ನಡ್ಸೋಕೆ. ಇಂಥ ಎರಡು ಇಸವಿಯನ್ನ ಅಕ್ಕಪಕ್ಕ ಇಟ್ರೆ ಓದೋರಿಗೆ ವಿಷಯ ತಾನಾಗೇ ಗೊತ್ತಾಗತ್ತೆ, ನೀವು ವಿಶೇಷಣ ಸುರಿಯೋ ಅಗತ್ಯ ಬೀಳಲ್ಲ.

ಮೋಟ್ರಾಯ್ತು, ಈಗ ಪವರ್ ಸೆಮಿಕಂಡಕ್ಟರ್, ಅಂದ್ರೆ ದೊಡ್ಡ ಕರೆಂಟನ್ನ ಹಿಡಿತದಲ್ಲಿಡೋ ಸಿಲಿಕಾನ್ ತರದ ಬಿಡಿಭಾಗಗಳು. ಇದು ಸ್ವಲ್ಪ ಕಷ್ಟ, ಯಾಕಂದ್ರೆ ಸಾಮಾನು ಚಿಕ್ಕದು, ಪ್ಯಾನೆಲ್ ಒಳಗೆ ಬಿಸಿ ಹೊರಹಾಕೋ ಹೀಟ್‌ಸಿಂಕ್ ಮಧ್ಯೆ ಅವಿತ್ಕೊಂಡಿರತ್ತೆ, ಯಾರೂ ನೋಡಿರಲ್ಲ. ಎನ್‌ಜಿಇಎಫ್ ಬರೀ ಮೋಟ್ರು, ಟ್ರಾನ್ಸ್‌ಫಾರ್ಮರ್, ಸ್ವಿಚ್‌ಗೇರ್ ಅಷ್ಟೇ ಅಲ್ಲ, ಎಸಿ ಕರೆಂಟನ್ನ ಡಿಸಿ ಮಾಡೋ ಸಿಲಿಕಾನ್ ರೆಕ್ಟಿಫೈಯರು, ಗೇಟ್‌ಗೆ ಸಿಗ್ನಲ್ ಕೊಟ್ಟಾಗ ಮಾತ್ರ ಕರೆಂಟ್ ಬಿಡೋ ಥೈರಿಸ್ಟರು ಕೂಡ ಮಾಡ್ತಿತ್ತು, ಎಲೆಕ್ಟ್ರಿಕ್ ರೈಲ್ ಎಂಜಿನ್ ರೆಕ್ಟಿಫೈಯರ್‌ಗಳಲ್ಲೂ ಆ ಹೆಸ್ರು ಕಾಣ್ಸತ್ತೆ. ಈ ತರ ಪೀಸು ಸಿಗೋ ಜಾಗ ಅಂದ್ರೆ ಹಳೇ ಡಿಸಿ ಡ್ರೈವ್ ಪ್ಯಾನೆಲ್ಲು, ಬ್ಯಾಟರಿ ಚಾರ್ಜರ್, ವೆಲ್ಡಿಂಗ್ ರೆಕ್ಟಿಫೈಯರ್, ಎಲೆಕ್ಟ್ರೋಪ್ಲೇಟಿಂಗ್ ಸೆಟ್ಟು. ಮೈಸೂರಲ್ಲಿ ಹೆಬ್ಬಾಳ, ಮೇಟಗಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ರಿಪೇರಿ ಮಾಡೋರ ಹತ್ರ ಕೇಳಿ, ಗುಜರಿ ಅಂಗಡಿಯವರಿಗೆ ಹೀಟ್‌ಸಿಂಕಿನ ಅಲ್ಯೂಮಿನಿಯಂ ಮೇಲೆ ಕಣ್ಣೇ ಹೊರತು ಒಳಗಿರೋ ಡಿವೈಸ್ ಮೇಲಲ್ಲ, ಕೇಳಿದ್ರೆ ಕೊಡ್ತಾರೆ.

ಮುಟ್ಟೋಕೆ ಮುಂಚೆ ಕೆಪಾಸಿಟರ್ ಡಿಸ್ಚಾರ್ಜ್ ಆಗಿದ್ಯಾ ಮೀಟರ್ ಇಟ್ಟು ನೋಡಿ. ಡಿವೈಸ್ ಒಡೆದು ಒಳಗೇನಿದೆ ನೋಡೋಣ ಅನ್ನೋ ಆಸೆ ಇದ್ರೆ ಬಿಟ್ಬಿಡಿ, ಕೆಲವು ಹಳೇ ಮಾಡ್ಯೂಲ್‌ಗಳಲ್ಲಿ ಬೆರಿಲಿಯಂ ಆಕ್ಸೈಡ್ ಸೆರಾಮಿಕ್ ಇರತ್ತೆ, ಅದ್ರ ಪುಡಿ ಉಸಿರಲ್ಲಿ ಹೋದ್ರೆ ಶ್ವಾಸಕೋಶಕ್ಕೆ ಪರ್ಮನೆಂಟ್ ಡ್ಯಾಮೇಜ್. ಗಾಜಿನ ದೊಡ್ಡ ಬುರುಡೆ ಇರೋ ಮರ್ಕ್ಯುರಿ ಆರ್ಕ್ ರೆಕ್ಟಿಫೈಯರ್ ಕಂಡ್ರೆ ಇನ್ನೂ ದೂರ ನಿಂತ್ಕೊಂಡೇ ಫೋಟೋ ತೆಗೀರಿ, ಒಳಗೆ ಪಾದರಸ ಇದೆ.

ಆಕಾರ ನೋಡೇ ಕಾಲ ಹೇಳ್ಬಹುದು. ರಾಡ್‌ಗೆ ಪೋಣಿಸಿದ ಚೌಕ ತಗಡುಗಳು, ಮಧ್ಯೆ ಗಾಳಿ ಆಡೋಕೆ ಜಾಗ, ಇದು ಸೆಲೆನಿಯಂ ರೆಕ್ಟಿಫೈಯರ್, 1930ರ ದಶಕದಿಂದ ಸಿಲಿಕಾನ್ ಬರೋವರೆಗೆ ಇದ್ರದ್ದೇ ರಾಜ್ಯಭಾರ. ನಟ್ಟು ಹಾಕೋ ಬೋಲ್ಟ್ ತರ ಕೆಳಗೆ ಥ್ರೆಡ್ ಇದ್ದು ಮೇಲೆ ಹೆಣೆದ ತಾಮ್ರದ ಬಾಲ ಇದ್ರೆ ಸಿಲಿಕಾನ್ ಸ್ಟಡ್ ಡಯೋಡು ಇಲ್ಲಾ ಥೈರಿಸ್ಟರು, ಜೊತೆಗೆ ಸಣ್ಣದೊಂದು ಗೇಟ್ ವೈರ್ ಬಂದಿದ್ರೆ ಥೈರಿಸ್ಟರ್ ಅಂತ್ಲೇ. ಚಪ್ಪಟೆ ಬಿಳಿ ಸೆರಾಮಿಕ್ ಬಿಲ್ಲೆ ಎರಡು ಹೀಟ್‌ಸಿಂಕ್ ಮಧ್ಯೆ ಗಟ್ಟಿಯಾಗಿ ಹಿಡ್ಕೊಂಡಿದ್ರೆ ಅದು ಡಿಸ್ಕ್ ಟೈಪು, ದೊಡ್ಡ ಕರೆಂಟಿಗೆ. ಕೆಳಗೆ ತಾಮ್ರದ ಪ್ಲೇಟು, ಮೇಲೆ ಮೂರು ಸ್ಕ್ರೂ ಇರೋ ಪ್ಲಾಸ್ಟಿಕ್ ಡಬ್ಬಿ ಇದ್ರೆ ಮಾಡ್ಯೂಲು, ಇದನ್ನ 1975ರಲ್ಲಿ ಮೊದ್ಲು ತಂದಿದ್ದು ನ್ಯೂರೆಂಬರ್ಗ್‌ನ ಸೆಮಿಕ್ರಾನ್, ಸೆಮಿಪ್ಯಾಕ್ ಅನ್ನೋ ಹೆಸ್ರಲ್ಲಿ. ಡೌಟ್ ಇದ್ರೆ ಮಲ್ಟಿಮೀಟರ್ ಡಯೋಡ್ ರೇಂಜಲ್ಲಿ ಇಡಿ, ಸಿಲಿಕಾನ್ ಡಯೋಡು ಒಂದು ಕಡೆ ಸುಮಾರು 0.5ರಿಂದ 0.7 ವೋಲ್ಟ್ ತೋರ್ಸತ್ತೆ, ಥೈರಿಸ್ಟರ್ ಎರಡೂ ಕಡೆ ಓಪನ್, ಗೇಟ್ ಮತ್ತೆ ಕ್ಯಾಥೋಡ್ ಮಧ್ಯೆ ಮಾತ್ರ ಕಮ್ಮಿ ಓಮ್ಸ್.

ಈಗ ನನಗೆ ತುಂಬಾ ಇಷ್ಟದ ಭಾಗ, ಪಾರ್ಟ್ ನಂಬರ್ ಓದೋದು. ಒಂದು ಮಾಡ್ಯೂಲ್ ಮೇಲೆ ಟಿಟಿ 162 ಎನ್ 16 ಅಂತ ಇದೆ ಅಂದ್ಕೊಳಿ. ಟಿಟಿ ಅಂದ್ರೆ ಒಳಗೆ ಎರಡು ಥೈರಿಸ್ಟರ್, 162 ಅಂದ್ರೆ ಅಷ್ಟು ಆಂಪ್ಸ್ ಆವರೇಜ್ ಕರೆಂಟು, ಎನ್ ಅಂದ್ರೆ ಮೇನ್ಸ್ ಫ್ರೀಕ್ವೆನ್ಸಿಗೆ ಮಾಡಿದ ಮಾಮೂಲಿ ಜಾತಿ, ಫಾಸ್ಟ್ ಅಲ್ಲ, 16 ಅಂದ್ರೆ 1600 ವೋಲ್ಟ್. ಮೊದಲಕ್ಷರ ಡಿ ಇದ್ರೆ ಡಯೋಡು. ಈ ನಂಬರ್ ಪದ್ಧತಿ ಎಇಜಿದು. ಎಇಜಿ 1967ರಲ್ಲಿ ಟೆಲಿಫುಂಕೆನ್ ಜೊತೆ ಸೇರ್ತು, 1982ರಲ್ಲಿ ದಿವಾಳಿ ಅಂಚಿಗೆ ಬಂತು, 1985ರಲ್ಲಿ ಡೈಮ್ಲರ್-ಬೆಂಜ್ ಕೈಗೆ ಹೋಯ್ತು, 1996ರಲ್ಲಿ ಕಂಪನಿನೇ ಮುಚ್ಚೋಯ್ತು. ಆದ್ರೆ ಅದಕ್ಕೆ ಮುಂಚೆನೇ, 1990ರಲ್ಲಿ, ಎಇಜಿ ಮತ್ತೆ ಸೀಮನ್ಸ್ ತಮ್ಮ ಪವರ್ ಸೆಮಿಕಂಡಕ್ಟರ್ ವಿಭಾಗ ಸೇರ್ಸಿ ಯುಪೆಕ್ ಅಂತ ಮಾಡಿದ್ವು, ಅದು ಇನ್ಫಿನಿಯನ್ ಅನ್ನೋ ಜರ್ಮನ್ ಚಿಪ್ ಕಂಪನಿ ಒಳಗೆ ಹೋಯ್ತು, ವಾರ್‌ಸ್ಟೈನ್ ಹತ್ರದ ಬೆಲೆಕೆ ಊರಿನ ಅದೇ ಹಳೇ ಎಇಜಿ ಜಾಗದಲ್ಲಿ ಇವತ್ತಿಗೂ ಕೆಲ್ಸ ನಡೀತಿದೆ, ಟಿಟಿ, ಎನ್ ಅನ್ನೋ ಅಕ್ಷರಗಳೂ ಹಂಗೇ ಇವೆ. ಬೋರ್ಡ್ ಬದಲಾಗಿದೆ, ಮಾಲೀಕರು ಬದಲಾಗಿದಾರೆ, ನಂಬರ್ ಮಾತ್ರ ಕದಲಿಲ್ಲ. ಅದಕ್ಕೇ ಹೇಳಿದ್ದು ಕಂಪನಿ ಹೆಸ್ರಿನ ಹಿಂದೆ ಬೀಳಬೇಡಿ ಅಂತ.

ಉಲ್ಟಾ ಮೋಸವೂ ಇದೆ. ಎಇಜಿ ಅಂತ ವಾಷಿಂಗ್ ಮಷಿನ್ ಇವತ್ತೂ ಮಾರ್ತಾರೆ, ಅದು 1994ರಲ್ಲಿ ಗೃಹೋಪಯೋಗಿ ವಿಭಾಗ ಕೊಂಡ್ಕೊಂಡ ಎಲೆಕ್ಟ್ರೋಲಕ್ಸ್‌ದು, ಥೈರಿಸ್ಟರ್‌ಗೂ ಅದಕ್ಕೂ ಸಂಬಂಧ ಇಲ್ಲ. ಸೆಮಿಕ್ರಾನ್ 1951ರ ಕಂಪನಿ, 2022ರಲ್ಲಿ ಡ್ಯಾನ್‌ಫಾಸ್ ಜೊತೆ ಸೇರಿ ಸೆಮಿಕ್ರಾನ್ ಡ್ಯಾನ್‌ಫಾಸ್ ಆಯ್ತು. ಅಮೆರಿಕದ ಇಂಟರ್‌ನ್ಯಾಷನಲ್ ರೆಕ್ಟಿಫೈಯರ್ 1947ರಲ್ಲಿ ಶುರುವಾಗಿ 2015ರಲ್ಲಿ ಇನ್ಫಿನಿಯನ್‌ಗೆ ಸೇರ್ತು. ಮುಂಬೈನ ಹಿಂದ್ ರೆಕ್ಟಿಫೈಯರ್ಸ್ 1958ರದ್ದು, ಅದ್ರ ಕೊಲಾಬೊರೇಶನ್ ಇಂಗ್ಲೆಂಡಿನ ವೆಸ್ಟಿಂಗ್‌ಹೌಸ್ ಬ್ರೇಕ್ ಅಂಡ್ ಸಿಗ್ನಲ್ ಜೊತೆ, ಆ ಇಂಗ್ಲಿಷ್ ಕಂಪನಿಯ ಸೆಮಿಕಂಡಕ್ಟರ್ ವಿಭಾಗ ವೆಸ್ಟ್‌ಕೋಡ್ ಆಗಿ, ಇಕ್ಸಿಸ್ ಕೈಗೆ ಬಂದು, 2018ರಲ್ಲಿ ಇಕ್ಸಿಸ್ ಸಮೇತ ಲಿಟಲ್‌ಫ್ಯೂಸ್‌ಗೆ ಹೋಯ್ತು. ಒಂದು ದೊಡ್ಡ ಚಾರ್ಟ್ ಪೇಪರ್ ತಗೊಂಡು ಇದನ್ನೆಲ್ಲಾ ವಂಶವೃಕ್ಷ ಬರ್ದಂಗೆ ಬರೀರಿ, ಷೇರು ಮಾರಾಟಕ್ಕೆ ಒಂದು ಬಣ್ಣ, ಲೈಸೆನ್ಸ್‌ಗೆ ಇನ್ನೊಂದು ಬಣ್ಣ, ಎರಡನ್ನ ಒಂದೇ ಗೆರೆ ಮಾಡಿದ್ರೆ ಮುಂದೆ ನಿಮಗೇ ತಲೆ ಕೆಡತ್ತೆ.

ಡಿವೈಸ್‌ನ ಚರಿತ್ರೆ ಬೇರೆ, ಕಂಪನಿ ಚರಿತ್ರೆ ಬೇರೆ, ಅದೂ ನೆನಪಿರ್ಲಿ. ಥೈರಿಸ್ಟರ್ ಬಂದಿದ್ದು 1957ರಲ್ಲಿ ಜನರಲ್ ಎಲೆಕ್ಟ್ರಿಕ್‌ನಿಂದ. ಐಜಿಬಿಟಿ, ಅಂದ್ರೆ ಬೇಗ ಬೇಗ ಆನ್ ಆಫ್ ಆಗೋ ಪವರ್ ಟ್ರಾನ್ಸಿಸ್ಟರ್, ಅದೂ ಅಲ್ಲಿಂದ್ಲೇ, ಅದ್ರ ಹಿಂದೆ ಇದ್ದವರು ಬಿ. ಜಯಂತ್ ಬಾಳಿಗಾ, ಬೆಂಗಳೂರಿನ ಜಾಲಹಳ್ಳಿಯಲ್ಲಿ ಬೆಳೆದವರು, ಅವರ ತಂದೆ ಬಿಇಎಲ್‌ನಲ್ಲಿ ದೊಡ್ಡ ಹುದ್ದೆಯಲ್ಲಿದ್ರು. ಇವತ್ತು ಎಲೆಕ್ಟ್ರಿಕ್ ಕಾರು, ಮೆಟ್ರೋ, ಇನ್ವರ್ಟರ್ ಎಸಿ ಎಲ್ಲದರೊಳಗೂ ಐಜಿಬಿಟಿ ಕೂತಿದೆ. ಅಷ್ಟೆಲ್ಲಾ ಮಾಡಿದ ಜನರಲ್ ಎಲೆಕ್ಟ್ರಿಕ್ 1988ರಲ್ಲಿ ತನ್ನ ಸೆಮಿಕಂಡಕ್ಟರ್ ವ್ಯವಹಾರನೇ ಹ್ಯಾರಿಸ್ ಕಂಪನಿಗೆ ಮಾರ್ಕೊಂಡ್ಬಿಡ್ತು. ಕಂಡುಹಿಡಿದವರು ಒಬ್ರು, ದುಡ್ಡು ಮಾಡಿದವರು ಇನ್ನೊಬ್ರು, ಈ ಫೀಲ್ಡಲ್ಲಿ ಇದು ಮಾಮೂಲು, ನಿಮ್ಮ ಬರಹದಲ್ಲಿ ಇವೆರಡು ಪ್ಯಾರಾ ಬೇರೆ ಬೇರೆ ಇರ್ಲಿ.

ಕಾಗದಪತ್ರಕ್ಕೆ ಬರೋಣ. ಕಂಪನಿ ವ್ಯವಹಾರ ಸಚಿವಾಲಯದ ವೆಬ್‌ಸೈಟಲ್ಲಿ ಪ್ರತಿ ಕಂಪನಿಗೂ 21 ಅಕ್ಷರದ ಸಿಐಎನ್ ನಂಬರ್ ಇರತ್ತೆ. ಮೊದಲಕ್ಷರ ಎಲ್ ಇದ್ರೆ ಲಿಸ್ಟೆಡ್, ಯು ಇದ್ರೆ ಅಲ್ಲ, ಆಮೇಲೆ ಐದಂಕಿ ಇಂಡಸ್ಟ್ರಿ ಕೋಡು, ಎರಡಕ್ಷರ ರಾಜ್ಯ, ನಾಲ್ಕಂಕಿ ನೋಂದಣಿ ವರ್ಷ, ಮೂರಕ್ಷರದಲ್ಲಿ ಕಂಪನಿ ಜಾತಿ, ಎಸ್‌ಜಿಸಿ ಅಂದ್ರೆ ರಾಜ್ಯ ಸರ್ಕಾರದ್ದು, ಕೊನೇಲಿ ಆರಂಕಿ ರಿಜಿಸ್ಟ್ರೇಶನ್ ನಂಬರು. ಆ ವರ್ಷವನ್ನ ಕಂಪನಿ ಹೇಳೋ ಸ್ಥಾಪನೆ ವರ್ಷದ ಜೊತೆ ಹೋಲ್ಸಿ. ವ್ಯತ್ಯಾಸ ಬಂದ್ರೆ ಸುಳ್ಳು ಅಂತಲ್ಲ, ಪಾರ್ಟ್ನರ್‌ಶಿಪ್ ಆಗಿದ್ದದ್ದು ಕಂಪನಿ ಆಗಿರ್ಬಹುದು, ಪ್ರೊಡಕ್ಷನ್ ಲೇಟಾಗಿ ಶುರುವಾಗಿರ್ಬಹುದು, ಅದನ್ನ ಕೆದಕಿದ್ರೇನೇ ಕಥೆ ಸಿಗೋದು. ಸರ್ಕಾರಿ ಕಂಪನಿಗಳ ನಷ್ಟ, ಬಿದ್ದುಹೋದ ಕಥೆ ಬೇಕಂದ್ರೆ ಸರ್ಕಾರಿ ಲೆಕ್ಕ ತಪಾಸಣೆ ಮಾಡೋ ಸಿಎಜಿ ವರದಿ ಓದಿ, ಭಾಷೆ ಒಣ ಒಣ ಆದ್ರೆ ಯಾವ ವರ್ಷ ಎಷ್ಟು ಆರ್ಡರ್ ಇತ್ತು, ಯಾಕೆ ಲೇಟಾಯ್ತು ಅನ್ನೋದು ಅಲ್ಲೇ ಇರೋದು. ಮುಚ್ಚಿದ ಕಂಪನಿ ಆದ್ರೆ ಹೈಕೋರ್ಟಿನ ಲಿಕ್ವಿಡೇಶನ್ ಆದೇಶಗಳು, ಅಂದ್ರೆ ಆಸ್ತಿ ಮಾರಿ ಸಾಲ ತೀರ್ಸೋ ಆದೇಶಗಳು, ಓದಿ. ಮೈಸೂರಲ್ಲಿರೋರಿಗೆ ಇನ್ನೊಂದು ಅನುಕೂಲ ಏನಂದ್ರೆ ಮಾನಸಗಂಗೋತ್ರಿಯ ಯೂನಿವರ್ಸಿಟಿ ಲೈಬ್ರರಿ ಇದೆ, ಹಳೇ ಗೆಜೆಟಿಯರ್, ಮೈಸೂರು ಸಂಸ್ಥಾನದ ಆಡಳಿತ ವರದಿಗಳನ್ನ ಅಲ್ಲಿ ಕೇಳಿ. ಮೈಸೂರಿನ ಎನ್‌ಐಇ, ಮಂಡ್ಯದ ಪಿಇಎಸ್ ತರದ ಹಳೇ ಎಂಜಿನಿಯರಿಂಗ್ ಕಾಲೇಜುಗಳ ಮಷಿನ್ಸ್ ಲ್ಯಾಬಿಗೆ ಪರ್ಮಿಷನ್ ತಗೊಂಡು ಹೋಗಿ, ಲ್ಯಾಬ್ ಮೋಟ್ರುಗಳನ್ನ ಯಾರೂ ಅಷ್ಟು ಸುಲಭವಾಗಿ ಬಿಸಾಕಲ್ಲ, ಪ್ಲೇಟುಗಳೂ ಚೆನ್ನಾಗಿರ್ತವೆ.

ಕಾಗದಕ್ಕಿಂತ ಅರ್ಜೆಂಟ್ ಮನುಷ್ಯರು. ರಿಟೈರ್ ಆದವರನ್ನ ಕೂರ್ಸಿ ನಿಮ್ಮ ಅನುಭವ ಹೇಳಿ ಸಾರ್ ಅಂದ್ರೆ ಕಾರ್ಖಾನೆ ನಮ್ಮ ತಾಯಿ ಇದ್ದಂಗೆ ಅಂತ ಭಾಷಣ ಬರತ್ತೆ, ತಪ್ಪು ಅವರದಲ್ಲ, ಪ್ರಶ್ನೆದು. ಯಾವ ಶಾಪಲ್ಲಿದ್ರಿ, ಟೆಸ್ಟ್ ಬೆಡ್ಡಲ್ಲಿ ಏನೇನ್ ಟೆಸ್ಟ್ ಮಾಡ್ತಿದ್ರಿ, ಡ್ರಾಯಿಂಗ್ ಯಾವ ಭಾಷೇಲಿ ಬರ್ತಿತ್ತು, ಟ್ರೇನಿಂಗ್‌ಗೆ ಹೊರದೇಶಕ್ಕೆ ಹೋದವರು ಬಂದ್ಮೇಲೆ ಏನ್ ಬದಲಾಯ್ಸಿದ್ರು, ತಾಮ್ರದ ವೈರ್ ಎಲ್ಲಿಂದ ಬರ್ತಿತ್ತು, ಸಿಲಿಕಾನ್ ವೇಫರ್ ಇಲ್ಲೇ ಮಾಡ್ತಿದ್ರಾ ಇಲ್ಲಾ ಹೊರಗಿಂದ ತರಿಸಿ ಪ್ಯಾಕ್ ಮಾತ್ರ ಮಾಡ್ತಿದ್ರಾ, ಹೀಗೆ ಕೈಗೆ ಸಿಗೋ ಪ್ರಶ್ನೆ ಕೇಳಿ. ಕೊನೇ ಪ್ರಶ್ನೆ ಬಹಳ ಮುಖ್ಯ, ಒಂದು ಕಂಪನಿ ಸೆಮಿಕಂಡಕ್ಟರ್ ಮಾಡ್ತಿತ್ತು ಅಂದ್ರೆ ಏನರ್ಥ ಅನ್ನೋದು ಅದ್ರ ಮೇಲೇ ನಿಂತಿರೋದು. ಹೋಗ್ವಾಗ ಪ್ಲೇಟಿನ ಫೋಟೋ, ಸಿಕ್ಕಿದ್ರೆ ಒಂದು ಹಳೇ ಕಾಂಟ್ಯಾಕ್ಟರೋ ಡಯೋಡೋ ಕೈಯಲ್ಲಿ ಹಿಡ್ಕೊಂಡು ಹೋಗಿ, ಅವರ ಕೈಗೆ ಕೊಡಿ, ಆಮೇಲೆ ನೀವು ಸುಮ್ನಿದ್ರೆ ಸಾಕು. ರೀವೈಂಡಿಂಗ್ ಅಂಗಡಿಯವರನ್ನ ಮರೀಬೇಡಿ, ಮಂಡ್ಯ, ಮದ್ದೂರು, ಪಾಂಡವಪುರದಲ್ಲಿ ಅವರು ಬಿಚ್ಚದಿರೋ ಬ್ರ್ಯಾಂಡ್ ಇಲ್ಲ, ಯಾವ ಕಂಪನಿ ಯಾವಾಗ್ಲಿಂದ ಸ್ಟಾಂಪಿಂಗ್ (ಒಳಗಿನ ಉಕ್ಕಿನ ತಗಡು) ತೆಳು ಮಾಡ್ತು, ಯಾರ ತಾಮ್ರ ತೂಕ ಬರ್ತಿತ್ತು ಎಲ್ಲಾ ಗೊತ್ತು. ಅವರ ಡೈರಿಯಲ್ಲಿ ಸ್ಲಾಟ್ ಎಷ್ಟು, ಟರ್ನ್ ಎಷ್ಟು, ಗೇಜ್ ಎಷ್ಟು ಅಂತ ಪ್ರತಿ ಮೋಟ್ರಿಗೂ ಬರ್ಕೊಂಡಿರ್ತಾರೆ, ನನ್ನ ಕೇಳಿದ್ರೆ ಕಂಪನಿ ಬ್ರೋಷರ್‌ಗಿಂತ ಅದು ಹತ್ತು ಪಟ್ಟು ಮೇಲು.

ಬರ್ಯೋಕೆ ಕೂತಾಗ ಹೇಳಿದ್ದು ಯಾರು, ಪ್ಲೇಟಲ್ಲಿ ಇದ್ದಿದ್ದೇನು, ಕಾಗದದಲ್ಲಿ ಇದ್ದಿದ್ದೇನು ಅಂತ ಮೂರನ್ನೂ ಬೇರೆ ಗುರುತು ಹಾಕಿಡಿ. ಕನ್ನಡ ವಿಕಿಪೀಡಿಯಾಕ್ಕೆ ಹಾಕೋದಾದ್ರೆ ಪ್ರಿಂಟ್ ಆಗಿರೋ ಆಧಾರ ಇಲ್ದೇ ಇಂಟರ್ವ್ಯೂ ಮಾತ್ರ ತಗೊಳಲ್ಲ, ಅದಕ್ಕೆ ಇಂಟರ್ವ್ಯೂಗಳನ್ನ ಆಡಿಯೋ ಸಮೇತ ಬೇರೆ ಕಡೆ ಇಡಿ, ಪ್ಲೇಟ್ ಫೋಟೋಗಳನ್ನ ವಿಕಿಮೀಡಿಯಾ ಕಾಮನ್ಸ್‌ಗೆ ಹಾಕಿ, ಫೈಲ್ ಹೆಸ್ರಲ್ಲಿ ಕಂಪನಿ, ಎಚ್‌ಪಿ, ಊರು ಮೂರೂ ಇರ್ಲಿ. ಚಾಲೂ ಇರೋ ಪವರ್‌ಹೌಸ್ ಒಳಗಿನ ಫೋಟೋ ಪರ್ಮಿಷನ್ ಇಲ್ದೇ ತೆಗೀಬೇಡಿ, ಹಾಕಲೂ ಬೇಡಿ. ಮತ್ತೆ ಮೋಟ್ರು ಮಾರೋ ಟೈಮ್ ಬಂದ್ರೆ ಪ್ಲೇಟ್ ರಿವೆಟ್ ಕಿತ್ತು ಮನೇಲಿಟ್ಕೊಂಡು ಬರೀ ಬಾಡಿ ಮಾರೋರು ಇದಾರೆ, ಮೋಟ್ರು ಇನ್ನೂ ಓಡ್ತಿದ್ರೆ ಹಂಗ್ ಮಾಡ್ಬೇಡಿ, ಮುಂದೆ ತಗೊಳೋನಿಗೆ ಆಂಪ್ಸ್ ಎಷ್ಟು, ಕನೆಕ್ಷನ್ ಸ್ಟಾರಾ ಡೆಲ್ಟಾನಾ ಅಂತ ಗೊತ್ತಾಗ್ದೇ ಸುಟ್ಟಾಕ್ಬಿಡ್ತಾನೆ.